ಕಿತ್ತಷ್ಟೂ ಪಾರ್ಥೇನಿಯಂ ಯಾಕೆ ಬರುತ್ತದೆ?

ಪ್ರಶ್ನೆ: ಪಕ್ಕದ ಖಾಲಿ ಸೈಟಿನಲ್ಲಿ ಪಾರ್ಥೇನಿಯಂ ಕಿತ್ತು ನೆಲ ಕೆರೆಸಿದರೂ ಒಂದೆರಡು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಅಲ್ಲೇ ಬಂಡೆ ಮೇಲಿರುವ ಕಳ್ಳಿ ಮಾತ್ರ ವರ್ಷಗಳಿಂದ ಇದ್ದ ಹಾಗೇ ಇದೆ. ಯಾಕೆ?

ಉತ್ತರ: ಎರಡೂ ಗಿಡಗಳಿಗೆ ಬಂದಿರುವ ಕಷ್ಟ ಬೇರೆ ಬೇರೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಫಿಲಿಪ್ ಗ್ರೈಮ್ 1970ರ ದಶಕದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ನೀರು, ಬೆಳಕು, ಗೊಬ್ಬರದ ಅಂಶ ಸಾಲದೆ ಗಿಡ ಬೆಳೆಯಲಾಗದಿರುವುದು ಒಂದು ಕಷ್ಟ. ಬೆಳೆದದ್ದನ್ನು ಉಳುಮೆ, ಬೆಂಕಿ, ಮೇಯುವ ದನ ಹಾಳು ಮಾಡುವುದು ಇನ್ನೊಂದು.

ಬಂಡೆ ಮೇಲೆ ಮಣ್ಣು ಒಂದು ಹಿಡಿ, ನೀರು ನಾಲ್ಕು ದಿನ. ಕಳ್ಳಿ ಅಲ್ಲಿ ಅವಸರ ಮಾಡುವುದಿಲ್ಲ. ಕಾಂಡದಲ್ಲಿ ನೀರು ಕೂಡಿಟ್ಟುಕೊಂಡು, ಗಾಳಿ ಎಳೆದುಕೊಳ್ಳುವ ರಂಧ್ರಗಳನ್ನು ಹೆಚ್ಚಾಗಿ ರಾತ್ರಿ ತೆರೆಯುತ್ತದೆ. ಇಷ್ಟು ಕಷ್ಟಪಟ್ಟು ಬೆಳೆಸಿದ್ದನ್ನು ಯಾರೋ ತಿಂದರೆ ಮತ್ತೆ ಬೆಳೆಸುವುದು ಸುಲಭವಲ್ಲ, ಅಲ್ವಾ? ಅದಕ್ಕೇ ಮುಳ್ಳು, ಅದಕ್ಕೇ ಸುಡುವ ಹಾಲು.

ಪಾರ್ಥೇನಿಯಂ ಇದಕ್ಕೆ ಪೂರ್ತಿ ಉಲ್ಟಾ. ಇವತ್ತಲ್ಲ ನಾಳೆ ಯಾರೋ ಕೀಳುತ್ತಾರೆ ಅನ್ನುವಂತೆ ಬದುಕುತ್ತದೆ. ಮೊಳೆತ ಒಂದೂವರೆ ತಿಂಗಳೊಳಗೇ ಹೂ ಬಿಡಬಲ್ಲದು. ದೊಡ್ಡ ಗಿಡ ಒಂದೇ 15,000ಕ್ಕೂ ಜಾಸ್ತಿ ಬೀಜ ಉದುರಿಸುತ್ತದೆ. ಮಣ್ಣಿನಡಿ ಸೇರಿದ ಬೀಜ ಕೆಲವು ವರ್ಷ ಜೀವ ಹಿಡಿದು ಕಾಯುತ್ತದೆ. ನೀವು ನೆಲ ಕೆರೆದಾಗ ಆ ಬೀಜ ಮೇಲೆ ಬರುತ್ತದೆ, ಬಿಸಿಲು ಸಿಗುತ್ತದೆ, ಸುತ್ತ ಪೈಪೋಟಿಗೆ ಯಾರೂ ಇರುವುದಿಲ್ಲ. ಅಂದರೆ ನೆಲ ಬರಿದು ಮಾಡುವುದೇ ಅದಕ್ಕೆ ದಾರಿ ಬಿಟ್ಟಂತೆ.

ಕಳ್ಳಿಯಂಥವು ಒಂದು ಗುಂಪು, ಪಾರ್ಥೇನಿಯಂನಂಥವು ಇನ್ನೊಂದು; ಗ್ರೈಮ್ ಹೇಳಿದ ಮೂರನೆಯ ಗುಂಪು ಪೈಪೋಟಿಯ ಗಿಡಗಳದ್ದು. ನೀರು, ಗೊಬ್ಬರ ಎರಡೂ ಇದ್ದು ಯಾರೂ ಮುಟ್ಟದ ಜಾಗ ಅವುಗಳದ್ದು. ಕೊಳಚೆ ಸೇರಿದ ಕೆರೆಯ ಅಂಚಿನಲ್ಲಿ ಬೇರೆ ಗಿಡಗಳಿಗೆ ಬೆಳಕೇ ಬಿಡದೆ ಹಬ್ಬುವ ಜೊಂಡು ನೋಡಿ. (ಗರಿಕೆಯನ್ನು ಯಾವ ಗುಂಪಿಗೂ ಸಲೀಸಾಗಿ ಸೇರಿಸಲಾಗದು. ತುಂಡು ಮಾಡಿದರೆ ಒಂದೊಂದು ಗೆಣ್ಣೂ ಚಿಗುರುತ್ತದೆ!)

ಹಾಗಾದರೆ ಸೈಟಿಗೆ ಏನು ಮಾಡುವುದು? ಹೂ ಬಿಡುವ ಮೊದಲೇ, ಮಳೆ ಬಿದ್ದು ನೆಲ ಮೆತ್ತಗಿದ್ದಾಗ, ಬುಡಸಮೇತ ಕೀಳಿ. ನೆಲವನ್ನು ಸುಮ್ನೆ ಬರಿದಾಗಿ ಬಿಡಬೇಡಿ. ದಪ್ಪಗೆ ತರಗೆಲೆ ಹಾಸಿ, ಇಲ್ಲವೇ ತಗಚೆ ಬೀಜ ಎರಚಿ. ತಗಚೆ ದಟ್ಟವಾಗಿ ಬಂದರೆ ಪಾರ್ಥೇನಿಯಂ ಸಸಿಗೆ ಬೆಳಕು ಸಿಗುವುದಿಲ್ಲ. ಒಂದೇ ವರ್ಷಕ್ಕೆ ಮುಗಿಯುವ ಕೆಲಸವಲ್ಲ, ಮಣ್ಣಿನಲ್ಲಿರುವ ಹಳೇ ಬೀಜ ಖಾಲಿಯಾಗಬೇಕು. ಕೀಳುವಾಗ ಕೈಗವಸು ಹಾಕಿಕೊಳ್ಳಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಎಷ್ಟೋ ಜನರಿಗೆ ಇದರಿಂದ ಚರ್ಮದ ತುರಿಕೆ, ಉಬ್ಬಸ ಬರುತ್ತದೆ.