ವರ್ಷಕ್ಕೊಂದು ಮೆಣಸಿನ ಕಾಳು: ಟ್ರಿನಿಟಿ ಚರ್ಚ್, ಅದರ ಜಮೀನು, ಅದರ ಒಕ್ಕಲು

1976ರ ಜುಲೈ 9. ಇಂಗ್ಲೆಂಡಿನ ರಾಣಿ ಎರಡನೇ ಎಲಿಜಬೆತ್ ನ್ಯೂಯಾರ್ಕಿನ ಟ್ರಿನಿಟಿ ಚರ್ಚಿಗೆ ಬಂದಿದ್ದರು. ಚರ್ಚಿನವರು ಅವರಿಗೆ 279 ಕಾಳುಮೆಣಸು ಒಪ್ಪಿಸಿದರು. 279 ವರ್ಷದ ಬಾಕಿ ಅದು. 1697ರಲ್ಲಿ ಮೂರನೇ ವಿಲಿಯಂ ದೊರೆ ಈ ಚರ್ಚಿಗೆ ಸನ್ನದು ಬರೆದುಕೊಟ್ಟಾಗ ಕೇಳಿದ್ದ ಕಂದಾಯ ಇಷ್ಟೇ: ವರ್ಷಕ್ಕೆ ಒಂದು ಮೆಣಸಿನ ಕಾಳು.

ಚರ್ಚು ಕೊಡಬೇಕಾಗಿದ್ದ ಬಾಡಿಗೆ ಅದು. ಚರ್ಚಿಗೆ ಬಾಡಿಗೆ ಕೊಡುತ್ತಿದ್ದವರ ಕಥೆ ಬೇರೆ. ನನಗೆ ಹೇಳಬೇಕಾಗಿರುವುದು ಅವರದ್ದು.

ವಾಲ್ ಸ್ಟ್ರೀಟ್ ಹೋಗಿ ಬ್ರಾಡ್‌ವೇಗೆ ಕೂಡುವ ಕಡೆ, ಎದುರಿಗೇ ಟ್ರಿನಿಟಿ ನಿಂತಿದೆ. ಈಗಿರುವುದು ಮೂರನೇ ಕಟ್ಟಡ. ಮೊದಲನೆಯದು 1776ರ ದೊಡ್ಡ ಬೆಂಕಿಯಲ್ಲಿ ಸುಟ್ಟುಹೋಯಿತು. ಎರಡನೆಯದು ಹಿಮದ ಭಾರಕ್ಕೆ ಸೋತಿತು, ಕೆಡವಿದರು. ರಿಚರ್ಡ್ ಅಪ್‌ಜಾನ್ ವಿನ್ಯಾಸ ಮಾಡಿದ ಈ ಕಂದುಗಲ್ಲಿನ ಚರ್ಚು 1846ರಲ್ಲಿ ತೆರೆಯಿತು. ಗೋಪುರ 281 ಅಡಿ. ಹಲವು ದಶಕ ಊರಿನ ಅತಿ ಎತ್ತರದ ಕಟ್ಟಡಗಳಲ್ಲಿ ಅದೂ ಒಂದಾಗಿತ್ತು. ಮೊದಲು ಇದು ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿಗೆ ಸೇರಿತ್ತು. ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿನ ಆಂಗ್ಲಿಕನ್ನರು ದೊರೆಯ ಹಂಗು ಬಿಟ್ಟು ಎಪಿಸ್ಕೋಪಲ್ ಚರ್ಚ್ ಅಂತ ಬೇರೆಯಾದರು.

ದೊರೆಯ ಹಂಗು ಹೋದರೂ ಉಂಬಳಿ ಉಳಿಯಿತು. 1705ರಲ್ಲಿ ಆನ್ ರಾಣಿ ಹಡ್ಸನ್ ನದಿ ಪಕ್ಕದ 215 ಎಕರೆಯನ್ನು ಚರ್ಚಿಗೆ ಬಿಟ್ಟುಕೊಟ್ಟಿದ್ದಳು. ಆಗ ಅದು ಹೊಲ, ಗೋಮಾಳ. ಒಂದಷ್ಟು ಭಾಗವನ್ನು ಚರ್ಚು ದಾನ ಕೊಟ್ಟಿತು. 1754ರಲ್ಲಿ ಶುರುವಾದ, ಇವತ್ತಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಜಾಗ ಸಿಕ್ಕಿದ್ದು ಹಾಗೆಯೇ. ಇನ್ನಷ್ಟು ಮಾರಾಟವಾಯಿತು. ಡಚ್ಚರ ಕಾಲದ ಒಬ್ಬ ಹೆಂಗಸಿನ ವಂಶಸ್ಥರು, ಈ ಜಮೀನು ನಮ್ಮದು ಅಂತ ತಲೆಮಾರುಗಟ್ಟಲೆ ಕೋರ್ಟಿಗೆ ಅಲೆದು ಸೋತರು. ಉಳಿದ ಜಮೀನಿನ ಸುತ್ತ ನಗರ ಬೆಳೆಯಿತು. ಪೂಜೆಯ ಜಾಗವಾಗಿದ್ದ ಚರ್ಚು ಜಮೀನ್ದಾರನೂ ಆಯಿತು. ನೆರೆಹೊರೆಯ ಜೊತೆ ಆಮೇಲೆ ನಡೆದ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲಿಂದಲೇ.

ಆದರೆ ಮೊದಲ ಅನ್ಯಾಯ ಈ ಉಂಬಳಿಗಿಂತಲೂ ಹಳೆಯದು, ಸತ್ತವರಿಗೆ ಆದದ್ದು. ಚರ್ಚಿನ ಅಂಗಳದಲ್ಲಿ ರಿಚರ್ಡ್ ಚರ್ಚರ್ ಅನ್ನೋ ಐದು ವರ್ಷದ ಮಗುವಿನ ಗೋರಿಗಲ್ಲಿದೆ. ಇಸವಿ 1681, ಅಂದರೆ ಚರ್ಚಿಗಿಂತ ಹಳೆಯದು. ಕಲ್ಲಿನ ಹಿಂಬದಿ ರೆಕ್ಕೆ ಇರುವ ಮರಳು ಗಡಿಯಾರ, ಕೆಳಗೆ ತಲೆಬುರುಡೆ. ಆ ಮಗುವಿನ ಹೆಸರು ಇವತ್ತಿಗೂ ಓದಬಹುದು. ಸನ್ನದು ಸಿಕ್ಕ 1697ರಲ್ಲೇ ಆಡಳಿತ ಮಂಡಳಿ ಒಂದು ಆದೇಶ ಹೊರಡಿಸಿತು: ಈ ಅಂಗಳದಲ್ಲಿ ಕಪ್ಪು ಜನರನ್ನು ಹೂಳುವಂತಿಲ್ಲ. ಗುಲಾಮರು, ಬಿಡುಗಡೆಯಾದವರು ತಮ್ಮವರನ್ನು ಊರಾಚೆ ಹೂತರು. ಕಾಲ ಕಳೆದಂತೆ ಅದರ ಮೇಲೆ ಮಣ್ಣು ಬಿತ್ತು, ಕಟ್ಟಡ ಎದ್ದವು, ಜನ ಮರೆತರು. 1991ರಲ್ಲಿ ಕೇಂದ್ರ ಸರ್ಕಾರದ ಕಚೇರಿಗೆ ಪಾಯ ತೆಗೆಯುವಾಗ ಆ ಸ್ಮಶಾನ ಸಿಕ್ಕಿತು. ಒಬ್ಬ ಹೆಂಗಸಿನ ಸೊಂಟದ ಸುತ್ತ ಮಣಿಸರ ಹಾಗೇ ಇತ್ತು. ಹೆಸರು ಮಾತ್ರ ಇರಲಿಲ್ಲ. ಅಲ್ಲಿಂದ ತೆಗೆದ 419 ಜನರ ಅವಶೇಷಗಳನ್ನು 2003ರಲ್ಲಿ ಗೌರವದಿಂದ ಮತ್ತೆ ಹೂತರು.

ಇನ್ನು ಬದುಕಿದ್ದವರ ವಿಷಯ. 19ನೇ ಶತಮಾನದಲ್ಲಿ ಚರ್ಚು ಜಾಗವನ್ನು ದೀರ್ಘ ಕಾಲಕ್ಕೆ ಗುತ್ತಿಗೆ ಕೊಡುತ್ತಿತ್ತು. ಗುತ್ತಿಗೆದಾರ ಮನೆ ಕಟ್ಟಿ ಬಾಡಿಗೆಗೆ ಬಿಡುತ್ತಿದ್ದ. ಗುತ್ತಿಗೆ ಮುಗಿಯುವ ಹೊತ್ತಿಗೆ ಆ ಮನೆಗಳು ಹಳತಾಗಿ, ಒಂದೊಂದರಲ್ಲೂ ಹಲವು ಬಡ ಸಂಸಾರಗಳು ಸೇರಿಕೊಂಡಿರುತ್ತಿದ್ದವು. ಆ ಸ್ಥಿತಿಯಲ್ಲಿ ಮನೆಗಳು ಚರ್ಚಿನ ಕೈಗೆ ಬರುತ್ತಿದ್ದವು. ಹೇಗೂ ಒಂದು ದಿನ ಕೆಡವುವ ಮನೆ, ಅದಕ್ಕೆ ಯಾಕೆ ಖರ್ಚು ಅನ್ನೋ ಲೆಕ್ಕಾಚಾರ.

1887ರಲ್ಲಿ ಕಾನೂನು ಬದಲಾಯಿತು. ಇಂಥ ಬಾಡಿಗೆ ಮನೆಗಳ ಪ್ರತಿ ಅಂತಸ್ತಿನಲ್ಲೂ ನೀರು ಸಿಗುವ ಹಾಗೆ ಮಾಲೀಕರು ಮಾಡಿಕೊಡಬೇಕು ಅಂತಾಯಿತು. ಅಂತಸ್ತಿಗೆ ಒಂದು ನಲ್ಲಿ, ಅಷ್ಟೇ. ಚಾರ್ಲ್ಟನ್ ಸ್ಟ್ರೀಟಿನ ಮನೆಗಳಿಗೆ ನಲ್ಲಿ ಹಾಕಿಸಿ ಅಂತ ಆರೋಗ್ಯ ಇಲಾಖೆ ಟ್ರಿನಿಟಿಗೆ ಆದೇಶ ಕೊಟ್ಟಿತು. ಟ್ರಿನಿಟಿ ಹಾಕಿಸಲಿಲ್ಲ. ಇಲಾಖೆ 200 ಡಾಲರ್ ದಂಡಕ್ಕೆ ದಾವೆ ಹೂಡಿತು. ಮಾಲೀಕರ ಮಾತೇ ಕೇಳದೆ ಅವರ ದುಡ್ಡಿಗೆ ಕೈ ಹಾಕುವ ಈ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ಚರ್ಚು ವಾದಿಸಿತು. ಒಂದು ಹಂತದಲ್ಲಿ ಗೆದ್ದಿತು ಕೂಡ.

ಆ ಹೊತ್ತಿನ ಬಾಡಿಗೆ ಮನೆಯೊಂದನ್ನು ನೆನೆಸಿಕೊಳ್ಳಿ. ನೀರು ಹಿತ್ತಲಲ್ಲಿ. ಬಟ್ಟೆ ಒಗೆಯೋಕೆ, ಅನ್ನಕ್ಕೆ, ಜ್ವರ ಬಂದ ಮಗುವಿನ ಮೈ ಒರೆಸೋಕೆ, ಎಲ್ಲಕ್ಕೂ ಕೆಳಗಿಳಿದು ಬಕೆಟ್ ತುಂಬಿಸಿ ಕತ್ತಲೆ ಮೆಟ್ಟಿಲು ಹತ್ತಬೇಕು. ಚಳಿಗಾಲದಲ್ಲೂ. ಹಾಗಿದ್ದಾಗ ಯಾರೇ ಆದರೂ ನೀರು ಕಡಿಮೆ ಬಳಸುತ್ತಾರೆ. ಕೊಳೆ ಉಳಿಯುತ್ತದೆ, ರೋಗ ಹರಡುತ್ತದೆ. 1895ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು. ಜನರ ಆರೋಗ್ಯಕ್ಕಾಗಿ ಮಾಲೀಕ ಇಷ್ಟು ಖರ್ಚು ಮಾಡಲೇಬೇಕು ಅಂದಿತು. ಬಾಡಿಗೆದಾರರ ಹಕ್ಕಿನ ಚರಿತ್ರೆಯಲ್ಲಿ ಈ ತೀರ್ಪು ಮುಖ್ಯವಾದದ್ದು. ಆದರೆ ಅದು ಬಂದದ್ದು ಒಂದು ಚರ್ಚಿನ ವಿರುದ್ಧ ಅನ್ನೋದು ನನ್ನನ್ನು ಇವತ್ತಿಗೂ ಕಾಡುತ್ತದೆ. ಬಾಯಾರಿದವನಿಗೆ ನೀರು ಕೊಡಿ ಅಂತ ಪ್ರತಿ ಭಾನುವಾರ ಓದುವವರು ಅವರೇ ಅಲ್ವಾ?

ತೀರ್ಪಿನಿಂದ ವಿಷಯ ತಣ್ಣಗಾಗಲಿಲ್ಲ. 1908ರಲ್ಲಿ ಪತ್ರಕರ್ತ ಚಾರ್ಲ್ಸ್ ಎಡ್ವರ್ಡ್ ರಸೆಲ್ ಈ ಮನೆಗಳೊಳಗೆ ಓಡಾಡಿ ಬರೆಯತೊಡಗಿದರು. ಊರೆಲ್ಲ ಮಾತಾಯಿತು. ಕೊನೆಗೆ ಚರ್ಚು ಎಮಿಲಿ ಡಿನ್‌ವಿಡ್ಡಿ ಅನ್ನೋ ಪರಿಣತೆಯನ್ನು ನೇಮಿಸಿ ಮನೆಗಳ ಉಸ್ತುವಾರಿ ವಹಿಸಿತು. ತೀರಾ ಕೆಟ್ಟವನ್ನು ಕೆಡವಿತು. ಆ ಕಡೆ ಮುದ್ರಣಾಲಯಗಳ ದೊಡ್ಡ ಕಟ್ಟಡಗಳು ಎದ್ದವು. ಹಳೆಯ ಸಂಸಾರಗಳು ಚದುರಿಹೋದವು. ಮನೆ ಸರಿಮಾಡಿ ಅಂತ ಕೇಳಿದವರಿಗೆ ಕೊನೆಗೆ ಮನೆಯೇ ಇಲ್ಲದಂತಾಯಿತು.

ಇದೇ ಚರ್ಚಿನ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಾಲ್ಕೈದು ನಿಮಿಷ ನಡೆದರೆ ಟ್ರಿನಿಟಿಗೇ ಸೇರಿದ, 1766ರ ಸೇಂಟ್ ಪಾಲ್ಸ್ ಚಾಪೆಲ್ ಸಿಗುತ್ತದೆ. 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳು ಬಿದ್ದದ್ದು ಅದರ ಹಿಂದಿನ ರಸ್ತೆಯಾಚೆ. ಚಾಪೆಲ್ ಉಳಿಯಿತು. ಆಮೇಲೆ ತಿಂಗಳುಗಟ್ಟಲೆ ಹಗಲೂ ರಾತ್ರಿ ಅದರ ಬಾಗಿಲು ತೆರೆದೇ ಇತ್ತು. ಅವಶೇಷ ಬಗೆಯುತ್ತಿದ್ದ ಕೆಲಸಗಾರರು ಅಲ್ಲಿ ಉಂಡರು, ಬೆಂಚುಗಳ ಮೇಲೆ ಮಲಗಿದರು. ಅವರ ಬೂಟು, ಬೆಲ್ಟು ತಾಗಿ ಬಿಳಿ ಬಣ್ಣದ ಬೆಂಚುಗಳೆಲ್ಲ ಗೀರುಬಿದ್ದವು. ಜಾರ್ಜ್ ವಾಷಿಂಗ್ಟನ್ ಕೂರುತ್ತಿದ್ದ ಜಾಗದಲ್ಲಿ ಅವರ ಗಾಯದ ಕಾಲುಗಳಿಗೆ ಚಿಕಿತ್ಸೆ ನಡೆಯಿತು.

ಹತ್ತು ವರ್ಷ ಕಳೆದು ಬಂದದ್ದು ಆಕ್ಯುಪೈ ವಾಲ್ ಸ್ಟ್ರೀಟ್, ಸಿರಿವಂತರಿಗೂ ಉಳಿದವರಿಗೂ ಇರುವ ಅಂತರದ ವಿರುದ್ಧದ ಚಳವಳಿ. ಚಳವಳಿಗಾರರಿಗೆ ಕೂರೋಕೆ, ಸುಧಾರಿಸಿಕೊಳ್ಳೋಕೆ ಚರ್ಚು ಜಾಗ ಕೊಟ್ಟಿತ್ತು. ಆದರೆ ನವೆಂಬರಿನಲ್ಲಿ ಪೊಲೀಸರು ಅವರು ಬೀಡುಬಿಟ್ಟಿದ್ದ ಜುಕೋಟಿ ಪಾರ್ಕಿನಿಂದ ಅವರನ್ನು ಎಬ್ಬಿಸಿದ ಮೇಲೆ, ಡ್ವಾರ್ಟೆ ಸ್ಕ್ವೇರ್ ಬಳಿಯ ಚರ್ಚಿನ ಖಾಲಿ ನಿವೇಶನದಲ್ಲಿ ಡೇರೆ ಹಾಕೋಕೆ ಬಿಡಿ ಅಂತ ಕೇಳಿದಾಗ ಒಪ್ಪಲಿಲ್ಲ. ಡಿಸೆಂಬರ್ 17ರಂದು ನಿವೃತ್ತ ಎಪಿಸ್ಕೋಪಲ್ ಬಿಷಪ್ ಜಾರ್ಜ್ ಪ್ಯಾಕರ್ಡ್, ನೇರಳೆ ನಿಲುವಂಗಿಯಲ್ಲೇ, ಮರದ ಏಣಿ ಹತ್ತಿ ತಂತಿಬೇಲಿಯ ಆಚೆ ಇಳಿದರು. ಪೊಲೀಸರು ಅವರನ್ನು ಹಿಡಿದುಕೊಂಡು ಹೋದರು. ಅವರದೇ ಪಂಥದ ಚರ್ಚಿನ ಜಾಗ ಅದು.

ಉಂಬಳಿಯಲ್ಲಿ ಇವತ್ತು ಉಳಿದಿರುವುದು ಸುಮಾರು 14 ಎಕರೆ. 2015ರಲ್ಲಿ ಅಲ್ಲಿನ 11 ಕಟ್ಟಡಗಳ 75 ವರ್ಷದ ಹಕ್ಕಿನಲ್ಲಿ 44% ಪಾಲಿಗೆ ನಾರ್ವೆ ಸರ್ಕಾರದ ನಿಧಿ 156 ಕೋಟಿ ಡಾಲರ್ ಕೊಟ್ಟಿತು. ಆ ಹಣದಿಂದ ಚರ್ಚು ವಸತಿ ಇಲ್ಲದವರಿಗಾಗಿ ದುಡಿಯುವ ಸಂಸ್ಥೆಗಳಿಗೆ ನೆರವು ಕೊಡುತ್ತದೆ. ಅದು ಸಣ್ಣ ಕೆಲಸವಲ್ಲ. 2018ರಲ್ಲಿ ಡಿಸ್ನಿ ಕಂಪನಿ 65 ಕೋಟಿ ಡಾಲರ್‌ಗೆ, ಚರ್ಚಿನ ಜಮೀನಿರುವ ಹಡ್ಸನ್ ಸ್ಕ್ವೇರ್ ಬಡಾವಣೆಯ ಒಂದು ಇಡೀ ಬ್ಲಾಕನ್ನು ಚರ್ಚಿನಿಂದ 99 ವರ್ಷಕ್ಕೆ ಪಡೆಯಿತು. ಅಲ್ಲೀಗ ಅದರ ನ್ಯೂಯಾರ್ಕ್ ಮುಖ್ಯ ಕಚೇರಿ ಎದ್ದಿದೆ. ಅದರ ಉತ್ತರಕ್ಕೆ ವ್ಯಾಂಡಮ್ ಸ್ಟ್ರೀಟ್. ಅದನ್ನು ದಾಟಿದರೆ ಮುಂದಿನ ರಸ್ತೆ, ನಲ್ಲಿ ಕೇಳಿದ ಚಾರ್ಲ್ಟನ್ ಸ್ಟ್ರೀಟ್.