ಹನ್ನೊಂದು ಚುಕ್ಕಿ, ನಡುವಿನ ಗೆರೆಗಳು

2012ರ ಯುರೋ ಕಪ್. ಕೀವ್‌ನಲ್ಲಿ ಇಂಗ್ಲೆಂಡ್ ಮತ್ತು ಇಟಲಿ ನಡುವೆ ಕ್ವಾರ್ಟರ್ ಫೈನಲ್. ಹೆಚ್ಚುವರಿ ಸಮಯ ಮುಗಿದರೂ ಒಂದು ಗೋಲಿಲ್ಲ. ಕೊನೆಗೆ ಪೆನಾಲ್ಟಿಯಲ್ಲಿ ಇಟಲಿ 4–2ರಿಂದ ಗೆದ್ದಿತು. ಆ ಪಂದ್ಯದಲ್ಲಿ ಇಂಗ್ಲೆಂಡಿನ ಯಾವ ಜೋಡಿ ಅತಿ ಹೆಚ್ಚು ಪಾಸ್ ಮಾಡಿತು ಗೊತ್ತಾ? ಗೋಲ್‌ಕೀಪರ್ ಜೋ ಹಾರ್ಟ್‌ನಿಂದ ಸ್ಟ್ರೈಕರ್ ಆಂಡಿ ಕ್ಯಾರಲ್‌ಗೆ! ಕ್ಯಾರಲ್ ಮೈದಾನಕ್ಕೆ ಇಳಿದದ್ದೇ 60ನೇ ನಿಮಿಷದಲ್ಲಿ, ಬದಲಿ ಆಟಗಾರನಾಗಿ. ಹಿಂದಿನಿಂದ ಚೆಂಡನ್ನು ಎತ್ತಿ ಒದೆಯುವುದು, ಮುಂದೆ ಎತ್ತರದ ಆಳು ತಲೆ ಕೊಡುವುದು. ನಡುವಿನ ಮಿಡ್‌ಫೀಲ್ಡ್ ಇದ್ದೂ ಇಲ್ಲದ ಹಾಗೆ.

ನನಗೆ ಪಾಸಿಂಗ್ ನೆಟ್‌ವರ್ಕ್ ಚಿತ್ರ ಇಷ್ಟವಾಗುವುದು ಇದಕ್ಕೇ. ಅದರಲ್ಲಿ ಒಬ್ಬೊಬ್ಬ ಆಟಗಾರ ಒಂದೊಂದು ಚುಕ್ಕಿ, ಇಬ್ಬರ ನಡುವಿನ ಪಾಸ್‌ಗಳು ಒಂದು ಗೆರೆ; ಪಾಸ್ ಜಾಸ್ತಿಯಾದಷ್ಟೂ ಗೆರೆ ದಪ್ಪ. ಯಾರು ಎಷ್ಟು ಪಾಸ್ ಕೊಟ್ಟರು ಅನ್ನೋ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ. ಪಾಸ್ ಅನ್ನೋದು ಒಬ್ಬನ ಸ್ವತ್ತಲ್ಲ, ಇಬ್ಬರ ನಡುವಿನ ಸಂಗತಿ. ಹಾಗಾಗಿ ಎಣಿಸಬೇಕಾದದ್ದು ಜೋಡಿಗಳನ್ನು. ಹನ್ನೊಂದು ಸಾಲು, ಹನ್ನೊಂದು ಕಂಬಸಾಲಿನ ಒಂದು ಕೋಷ್ಟಕ ಹಾಕಿ. ತನಗೆ ತಾನೇ ಯಾರೂ ಪಾಸ್ ಕೊಟ್ಟುಕೊಳ್ಳುವುದಿಲ್ಲ, ಆ ಹನ್ನೊಂದು ಮನೆ ಖಾಲಿ. ಉಳಿದದ್ದು 110 ಮನೆ. ಪ್ರತಿ ಪಾಸಿಗೂ, ಕೊಟ್ಟವನ ಸಾಲು ಪಡೆದವನ ಕಂಬಸಾಲನ್ನು ಸೇರುವ ಮನೆಯಲ್ಲಿ ಒಂದು ಗೀಟು. ಪಂದ್ಯ ಮುಗಿಯುವಾಗ ಆ ಕೋಷ್ಟಕದಲ್ಲಿ ತಂಡದ ಸ್ವಭಾವ ಕೂತಿರುತ್ತದೆ.

ಈ ಯೋಚನೆಯ ಬೇರು ಫುಟ್‌ಬಾಲ್‌ಗಿಂತ ಹಳೆಯದು. ಕ್ಯೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನೂ ಒಂದೊಂದೇ ಸಲ ದಾಟಿ ಸುತ್ತಾಡಲು ಆಗುತ್ತದಾ? ಆಗುವುದಿಲ್ಲ ಎಂದು 1736ರ ಹೊತ್ತಿಗೆ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ತೋರಿಸಿದ. ಅವನ ಜಾಣತನ ಇದ್ದದ್ದು ಬೇಡದ್ದನ್ನು ಬಿಟ್ಟುಬಿಟ್ಟದ್ದರಲ್ಲಿ. ನದಿ ಎಷ್ಟು ಅಗಲ, ಸೇತುವೆ ಎಷ್ಟು ಉದ್ದ, ಯಾವುದೂ ಬೇಡ. ಯಾವ ದಡದಿಂದ ಯಾವ ದಡಕ್ಕೆ ಸಂಪರ್ಕ ಇದೆ ಅನ್ನೋದೊಂದೇ ಸಾಕು. ಅಲ್ಲಿಂದಲೇ ಗ್ರಾಫ್ ಸಿದ್ಧಾಂತ, ಅಂದರೆ ಚುಕ್ಕಿ ಮತ್ತು ಗೆರೆಗಳ ಗಣಿತ, ಶುರು. ಇದನ್ನು ಫುಟ್‌ಬಾಲಿಗೆ ತಂದ ಮೊದಲಿಗರಲ್ಲಿ ಪೀಟರ್ ಗೌಲ್ಡ್ ಮತ್ತು ಆಂಥನಿ ಗ್ಯಾಟ್ರೆಲ್ ಇದ್ದರು. 1977ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್ಲಿನಲ್ಲಿ ಯಾರು ಯಾರಿಗೆ ಪಾಸ್ ಕೊಟ್ಟರು ಎಂದು ಅವರು ಬಿಡಿಸಿ ನೋಡಿದರು. ಮ್ಯಾಂಚೆಸ್ಟರ್ ಯುನೈಟೆಡ್ ಲಿವರ್‌ಪೂಲನ್ನು 2–1ರಿಂದ ಸೋಲಿಸಿದ ಪಂದ್ಯ ಅದು. ಗೌಲ್ಡ್, ಗ್ಯಾಟ್ರೆಲ್ ಇಬ್ಬರೂ ಭೂಗೋಳ ತಜ್ಞರು!

ಆಯ್ಲರ್ ಕಿತ್ತುಹಾಕಿದ ನಕ್ಷೆಯನ್ನು ಇಂದಿನ ಚಿತ್ರ ಬರೆಯುವವರು ವಾಪಸ್ ತಂದಿದ್ದಾರೆ. ಚುಕ್ಕಿಗಳನ್ನು ಸುಮ್ನೆ ಎಲ್ಲೋ ಇಡುವುದಿಲ್ಲ, ಮೈದಾನದ ಮೇಲೆ ಇಡುತ್ತಾರೆ. ಚಿತ್ರ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಜನ ಮೋಸ ಹೋಗುವುದೂ ಇಲ್ಲೇ. ಚುಕ್ಕಿ ಇರುವಲ್ಲಿ ಆಟಗಾರ ನಿಂತಿದ್ದ ಎಂದುಕೊಳ್ಳುತ್ತಾರೆ. ಅದು ಅವನು ಚೆಂಡು ಮುಟ್ಟಿದ ಜಾಗಗಳ ಸರಾಸರಿ ಅಷ್ಟೆ. ಒಬ್ಬ ವಿಂಗರ್ ಮೊದಲರ್ಧ ಎಡ ಅಂಚಿನಲ್ಲಿ ಆಡಿ, ಆಮೇಲೆ ಬಲ ಅಂಚಿಗೆ ಹೋದ ಅನ್ನಿ. ಚುಕ್ಕಿ ಬಂದು ಕೂರುವುದು ಮೈದಾನದ ನಟ್ಟನಡುವೆ. ಆ ಜಾಗಕ್ಕೆ ಅವನು ಇಡೀ ಪಂದ್ಯದಲ್ಲಿ ಕಾಲಿಟ್ಟೇ ಇರಲಿಕ್ಕಿಲ್ಲ. ಇನ್ನೊಂದು ವಿಷಯ. ಎಷ್ಟೋ ಚಿತ್ರಗಳನ್ನು ಮೊದಲ ಬದಲಾವಣೆ ಆಗುವವರೆಗಿನ ಆಟಕ್ಕೆ ಮಾತ್ರ ಬರೆಯುತ್ತಾರೆ. ಹಾಗೆ ಬರೆದಿದ್ದರೆ ಹಾರ್ಟ್–ಕ್ಯಾರಲ್ ಗೆರೆ ಹುಟ್ಟುತ್ತಲೇ ಇರಲಿಲ್ಲ.

ಗೆರೆ ದಪ್ಪ ಇದ್ದರೆ ಆಟ ಚೆನ್ನಾಗಿತ್ತು ಅನ್ನೋ ನಂಬಿಕೆಯನ್ನಂತೂ ನನಗೆ ಸಹಿಸಲಾಗುವುದಿಲ್ಲ. 2018ರ ವಿಶ್ವಕಪ್ಪಿನಲ್ಲಿ ರಷ್ಯಾ ವಿರುದ್ಧ ಸ್ಪೇನ್ ಸಾವಿರಕ್ಕೂ ಜಾಸ್ತಿ ಪಾಸ್ ಮಾಡಿತು. 120 ನಿಮಿಷದಲ್ಲಿ ಸಿಕ್ಕಿದ್ದು ಒಂದೇ ಗೋಲು, ಅದೂ ರಷ್ಯಾದವರ ಸೆಲ್ಫ್ ಗೋಲ್. ಪೆನಾಲ್ಟಿಯಲ್ಲಿ ಸ್ಪೇನ್ ಮನೆಗೆ ಹೋಯಿತು. ಡಿಫೆಂಡರ್‌ಗಳು ತಮ್ಮ ತಮ್ಮಲ್ಲೇ ಚೆಂಡು ತಳ್ಳಿಕೊಂಡರೂ ಗೆರೆ ದಪ್ಪವಾಗುತ್ತದೆ.

ಹಾಗಾದರೆ ನೋಡಬೇಕಾದದ್ದೇನು? ನನ್ನ ಮೆಚ್ಚಿನ ಅಳತೆ ‘ಬಿಟ್ವೀನ್‌ನೆಸ್’. ನಡುತನ ಅನ್ನಬಹುದು. ಸಮಾಜಶಾಸ್ತ್ರಜ್ಞ ಲಿಂಟನ್ ಫ್ರೀಮನ್ ಇದಕ್ಕೆ ಲೆಕ್ಕದ ರೂಪ ಕೊಟ್ಟದ್ದು ಆ ಕಪ್ ಫೈನಲ್ ನಡೆದ 1977ರಲ್ಲೇ. ಉಳಿದವರ ನಡುವಿನ ಅತಿ ಹತ್ತಿರದ ದಾರಿಗಳಲ್ಲಿ ಎಷ್ಟು ಒಬ್ಬನ ಮೂಲಕ ಹೋಗುತ್ತವೆ ಅನ್ನೋದೇ ಅವನ ನಡುತನ. ಫುಟ್‌ಬಾಲಿನಲ್ಲಿ ‘ಹತ್ತಿರ’ ಅಂದರೆ ಮೀಟರ್ ಅಲ್ಲ. ಜಾಸ್ತಿ ಪಾಸ್ ಆದಷ್ಟೂ ಇಬ್ಬರೂ ಹತ್ತಿರ. ಒಂದನ್ನು ಪಾಸ್ ಸಂಖ್ಯೆಯಿಂದ ಭಾಗಿಸಿದರೆ ದೂರ ಸಿಗುತ್ತದೆ. ಡಿಫೆಂಡರ್ ಮಿಡ್‌ಫೀಲ್ಡರ್‌ಗೆ 20 ಪಾಸ್ ಕೊಟ್ಟ, ದೂರ 0.05. ಮಿಡ್‌ಫೀಲ್ಡರ್ ವಿಂಗರ್‌ಗೆ 10 ಕೊಟ್ಟ, ದೂರ 0.10. ಡಿಫೆಂಡರ್ ನೇರವಾಗಿ ವಿಂಗರ್‌ಗೆ ಕೊಟ್ಟದ್ದು 4, ದೂರ 0.25. ಸುತ್ತಿ ಬಂದರೆ 0.15, ನೇರ ಹೋದರೆ 0.25. ಸುತ್ತುದಾರಿಯೇ ಹತ್ತಿರವಾಯ್ತು! ಆ ಮಿಡ್‌ಫೀಲ್ಡರ್ ನದಿಗಿರುವ ಮುಖ್ಯ ಸೇತುವೆಯ ಹಾಗೆ. ಜಾಸ್ತಿ ಜನ ವಾಸಿಸುವ ಜಾಗ ಸೇತುವೆಯಲ್ಲ, ಆದರೆ ಅದು ಮುರಿದರೆ ಎರಡು ದಡವೂ ದೂರ ದೂರ. ಅಥವಾ ಗಾಳಿಸುದ್ದಿಯನ್ನು ನೆನಪಿಸಿಕೊಳ್ಳಿ. ಜಾಸ್ತಿ ಮಾತಾಡುವವನಿಗಿಂತ ಎರಡು ಬೇರೆ ಗುಂಪುಗಳಲ್ಲೂ ಕಾಲಿಟ್ಟವನು ಸುದ್ದಿಯನ್ನು ದೂರ ಒಯ್ಯುತ್ತಾನೆ. ಕಡಿಮೆ ಪಾಸ್ ಮಾಡಿಯೂ ಒಬ್ಬ ತಂಡವನ್ನು ಹಿಡಿದಿಟ್ಟುಕೊಂಡಿರುವುದು ಹೀಗೆ.

ಆದರೆ ಎಲ್ಲಾ ದಾರಿಯೂ ಒಬ್ಬನ ಮೇಲೆಯೇ ಹೋದರೆ ತಂಡಕ್ಕೆ ಅಪಾಯ. ಎದುರಾಳಿ ಅವನೊಬ್ಬನನ್ನು ಕಟ್ಟಿಹಾಕಿದರೆ ಮುಗಿಯಿತು. ಸಂಶೋಧಕ ಥಾಮಸ್ ಗ್ರುಂಡ್ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ 760 ಪಂದ್ಯಗಳನ್ನು ಹೀಗೆ ಪರಿಶೀಲಿಸಿದಾಗ, ಪಾಸ್‌ಗಳು ಕೆಲವರ ಸುತ್ತಲೇ ಸುತ್ತುವ ತಂಡಗಳ ಗೋಲು ಕಡಿಮೆ ಎಂದು ಕಂಡುಬಂತು.

ಈ ಚಿತ್ರಕ್ಕೆ ದೊಡ್ಡದೊಂದು ಕುರುಡುತನವಿದೆ. ಎದುರಾಳಿ ಅದರಲ್ಲಿ ಇಲ್ಲವೇ ಇಲ್ಲ. ನಡುವೆ ತಡೆದ ಪಾಸಿಗೆ ಗೆರೆಯಿಲ್ಲ. ಡಿಫೆಂಡರನ್ನು ಎಳೆದುಕೊಂಡು ಓಡಿ ಗೆಳೆಯನಿಗೆ ಜಾಗ ಮಾಡಿಕೊಟ್ಟವನು ಚೆಂಡನ್ನೇ ಮುಟ್ಟದಿದ್ದರೆ ಅವನ ಓಟಕ್ಕೂ ಗೆರೆಯಿಲ್ಲ. ಅದಕ್ಕೇ ನಾನು ಚಿತ್ರ ಸಿಕ್ಕ ಕೂಡಲೇ ಗೆರೆ ಇರಬೇಕಾಗಿದ್ದೂ ಇಲ್ಲದ ಜಾಗ ಹುಡುಕುತ್ತೇನೆ. ಎರಡು ಚುಕ್ಕಿ ಪಕ್ಕಪಕ್ಕದಲ್ಲಿವೆ, ನಡುವೆ ಏನೂ ಇಲ್ಲ. ಆಮೇಲೆ ಪಂದ್ಯದ ವಿಡಿಯೋ ಹಾಕಿ, ಅಲ್ಲಿ ಎದುರಾಳಿಗಳಲ್ಲಿ ಯಾರು ನಿಂತಿದ್ದರು ಎಂದು ನೋಡುತ್ತೇನೆ.