ಭತ್ತದ ದಾಯಾದಿ

ಮಡಗಾಂವಿನಾಚೆ ಕುಡ್ತರಿಯ ಬಯಲಿನಲ್ಲಿ ಹಾನಗಲ್ಲಿನ ಕಡೆಯ ತಂಡವೊಂದು ಕಳೆ ಕೀಳುತ್ತಿತ್ತು. ಅವರಲ್ಲಿ ಹಿರಿಯರಾದ ಒಬ್ಬ ಹೆಂಗಸು ಒಂದು ಬುಡ ಹಿಡಿದು ತೋರಿಸಿದರು. ನೋಡಿದರೆ ಭತ್ತವೇ. "ತೆನೆ ಹೊರಡುವವರೆಗೆ ಇದು ನಮ್ಮದೋ ಅಲ್ಲವೋ ದೇವರಿಗೇ ಗೊತ್ತು" ಎಂದರು. ಅವರ ಊರಲ್ಲಿ ಕೂರಿಗೆ ಬಿತ್ತನೆ; ಸಾಲು ಬಿಟ್ಟು ಹುಟ್ಟಿದ್ದೆಲ್ಲ ಎಡೆಕುಂಟೆಗೆ ಸಿಗುತ್ತದೆ. ಇಲ್ಲಿ ಬೀಜ ಎರಚಿದ ಗದ್ದೆಯಲ್ಲಿ ಸಾಲೇ ಇಲ್ಲ.

ಇದು ಕಳೆ ಭತ್ತ. ಬೆಳೆ ಕೊಯ್ಲಿಗೆ ಬರುವ ಮೊದಲೇ ಕಾಳು ಉದುರಿಸಿ, ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿ, ಮುಂದೊಂದು ಮಳೆಗೆ ಏಳುವ ಜಾತಿ. ಕಾಡಿನಿಂದ ಗದ್ದೆಗೆ ನುಗ್ಗಿದ್ದೋ, ಗದ್ದೆಯಿಂದಲೇ ಕಾಡುಬಿದ್ದದ್ದೋ ಎಂಬ ಜಗಳ ಹಳೆಯದು. ಹಳ್ಳದಂಚಿನಲ್ಲಿ ತಾನೇ ಬೆಳೆಯುವ ಭತ್ತಕ್ಕೆ ನಮ್ಮ ಹಿಂದಿನವರು ನೀವಾರ ಎಂದರು. ಉದುರದ ತೆನೆಯನ್ನೇ ಕೊಯ್ದು ಅದನ್ನೇ ಬಿತ್ತುತ್ತ, ಸಾವಿರಾರು ವರ್ಷಗಳಲ್ಲಿ ಭತ್ತ ಮನೆಯದಾಯಿತು. ದಾಯಾದಿ ಮಾತ್ರ ಬದುವಿನಾಚೆಯೇ ಉಳಿಯಿತು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬ್ರಿಟಿಷರ ಕಾಲದ ಮಧ್ಯ ಪ್ರಾಂತ್ಯದ ಪ್ರಸಂಗ. ಕಾಡುಭತ್ತದ ಕಾಟ ತಾಳಲಾರದೆ ಅಲ್ಲಿ ನೇರಳೆ ಎಲೆಯ ತಳಿ ಬಿತ್ತಿದರು. ಹಸಿರು ಕಂಡದ್ದನ್ನೆಲ್ಲ ಕಿತ್ತರಾಯಿತು, ಎಂಥ ಸುಲಭ! ಆದರೆ ಕೆಲವೇ ವರ್ಷಗಳಲ್ಲಿ ಕಳೆಯೂ ನೇರಳೆಯಾಗಿತ್ತು. ಭತ್ತ ಬಹುಪಾಲು ತನ್ನ ಪರಾಗದಲ್ಲೇ ಕಾಳು ಕಟ್ಟುತ್ತದೆ. ನೂರರಲ್ಲಿ ಒಂದು ಹೂವಿಗೂ ಹೊರಗಿನ ಪರಾಗ ಸೇರುವುದು ಅಪರೂಪ. ಆ ಅಪರೂಪದ ಬೆರಕೆಯೇ ಸಾಕಾಯಿತು. ಹಸಿರು ಕಳೆಯನ್ನೆಲ್ಲ ಕಿತ್ತು ನೇರಳೆ ಬೆರಕೆಗೆ ಜಾಗ ಬಿಟ್ಟುಕೊಟ್ಟವರು ಕಳೆ ಕಿತ್ತವರೇ. ಗೋಧಿ ಹೊಲದ ಕಳೆಯಾಗಿದ್ದ ರೈ ಎಂಬ ಧಾನ್ಯ, ಚಳಿನಾಡಿನಲ್ಲಿ ಕೊನೆಗೆ ತಾನೇ ಬೆಳೆಯಾದ ಬಗೆಯನ್ನು ರಷ್ಯಾದ ಸಸ್ಯವಿಜ್ಞಾನಿ ವಾವಿಲೋವ್ ಅದಕ್ಕೂ ಮುಂಚೆಯೇ ವಿವರಿಸಿದ್ದರು. ಅಲ್ಲೂ ಆರಿಸಿದ್ದು ಮನುಷ್ಯರ ಕೈಯೇ.

ವಂಶವಾಹಿಗಳ ಲೆಕ್ಕ ಸಿಕ್ಕಿದ್ದು 2006ರ ಸುಮಾರಿಗೆ. ಕಾಳು ಉದುರದಂತೆ ಮಾಡಿದ ಮುಖ್ಯ ಬದಲಾವಣೆ ಎಸ್‌ಎಚ್4 ಎಂಬ ವಂಶವಾಹಿಯಲ್ಲಿ, ಅದೂ ಡಿಎನ್‌ಎಯ ಒಂದೇ ಅಕ್ಷರದ್ದು. ಅಕ್ಕಿ ಬಿಳಿಯಾದದ್ದು ಆರ್‌ಸಿ ಎಂಬ ಇನ್ನೊಂದರಲ್ಲಿ 14 ಅಕ್ಷರ ಕಳಚಿದ್ದರಿಂದ. ಕೆಂಪು ಬಣ್ಣ ಕೊಡುವ ಈ ಆರ್‌ಸಿಯೇ ಬೀಜವನ್ನು ಮಲಗಿಸಿಡುವುದಕ್ಕೂ ನೆರವಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಕಾಡುಭತ್ತವೇ ಇಲ್ಲದ ಅಮೆರಿಕದಲ್ಲಿ ಕಳೆ ಭತ್ತವನ್ನು ಪರೀಕ್ಷಿಸಿದಾಗ, ಅದರೊಳಗಿನ ಎಸ್‌ಎಚ್4 ಮನೆಯ ಭತ್ತದ್ದೇ ಆಗಿತ್ತು. ಉದುರುವ ಗುಣವನ್ನು ಬೇರೆ ವಂಶವಾಹಿಗಳ ಮೂಲಕ ಮತ್ತೆ ಗಳಿಸಿತ್ತು. ಅದರ ಪೂರ್ವಜರು ಇಂಡಿಕಾ ಮತ್ತು ಆಉಸ್ ಎಂಬ, ಏಷ್ಯಾದ ಮನೆಯ ಭತ್ತದ ಎರಡು ಬಳಗದವರು. ಹಾಗೆಂದು ಎಲ್ಲೆಡೆಯೂ ಒಂದೇ ಕಥೆಯಲ್ಲ; ಕಾಡುಭತ್ತ ಪಕ್ಕದಲ್ಲೇ ಇರುವ ನಮ್ಮಲ್ಲಿ ಬೆರಕೆಯ ಪಾಲೂ ಇದೆ.

ನಾಟಿಗೆ ಆಳು ಸಿಗದೆ ನೇರ ಬಿತ್ತನೆ ಹೆಚ್ಚಿದಂತೆ ಕಳೆ ಭತ್ತಕ್ಕೆ ಹಬ್ಬ. ನಾಟಿ ಗದ್ದೆಯ ನಿಂತ ನೀರು, ಬೆಳೆದ ಸಸಿ ಎರಡೂ ಅದನ್ನು ಮೊದಲೇ ಅದುಮಿಡುತ್ತಿದ್ದವು. ಇದಕ್ಕೆ ಮದ್ದಾಗಿ ಕಳೆನಾಶಕ ತಾಳುವ ಭತ್ತ 2002ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಕೆಲವೇ ವರ್ಷಗಳಲ್ಲಿ ಅದೇ ಗುಣ ಕಳೆ ಭತ್ತದಲ್ಲೂ ಕಾಣಿಸಿತು. ನೇರಳೆ ಎಲೆಯ ಪಾಠವನ್ನು ಯಾರೂ ಓದಿರಲಿಲ್ಲವೆನಿಸುತ್ತದೆ. ನಮ್ಮಲ್ಲೂ 2021ರಲ್ಲಿ ಅಂಥ ಗುಣದ ಪೂಸಾ ಬಾಸ್ಮತಿ 1979 ಮತ್ತು ಪೂಸಾ ಬಾಸ್ಮತಿ 1985 ಎಂಬ ತಳಿಗಳು ಬಂದಿವೆ. ಅವು ಕುಲಾಂತರಿಯಲ್ಲ ಎನ್ನುವುದು ನಿಜ, ಆದರೆ ಪರಾಗಕ್ಕೆ ಆ ಭೇದ ತಿಳಿಯದು.

ಗೋವಾದಲ್ಲಿ ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಖಾಜನ್ ಗದ್ದೆಗಳಲ್ಲಿ ಇನ್ನೊಂದು ತೊಡಕಿದೆ. ಕುಮಟಾ ಕಡೆಯ ಗಜನಿ ಎಂಬ ಉಪ್ಪುಗದ್ದೆಗಳ ಕಗ್ಗ ತಳಿಯಂತೆ ಇಲ್ಲಿನ ಕೊರ್ಗುಟ್ ಉಪ್ಪುನೀರು ತಾಳುವ, ಕಾಳಿನ ತುದಿಗೆ ಮೀಸೆಯುಳ್ಳ ಭತ್ತ. ಅದರ ಅಕ್ಕಿಯೂ ಕೆಂಪೇ. ಹಾಗಾಗಿ ಕಳೆ ಭತ್ತದ ಗುರುತೆನಿಸಿದ ಕೆಂಪು ಕಾಳು, ಮೀಸೆ ಕಂಡೊಡನೆ ಇಲ್ಲಿ ಕೀಳುವಂತಿಲ್ಲ.

ಹಾನಗಲ್ಲಿನ ಆ ತಾಯಿ ತೆನೆಯ ಕಾಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡುತ್ತಿದ್ದರು. ಉದುರಿದರೆ ಬುಡಸಮೇತ ಕಿತ್ತು, ತೆನೆಯನ್ನು ಸೆರಗಿನಲ್ಲಿ ಸುತ್ತಿ ಬದುವಿಗೆ ಒಯ್ಯುತ್ತಿದ್ದರು.